ಮೂರು ಗುಳಿಗಳ ಪೆಟ್ಟಿಗೆ

ಮುಟ್ಟು, ಪರವಾಗಿಲ್ಲ. ಮುಟ್ಟದೆ ಕೊಳ್ಳುವವರು
ಈ ಸೇತುವೆಯ ಕೆಳಗೆ ಬರುವುದಿಲ್ಲ.
ಆದರೆ ತಿದಿಯನ್ನು ಹಾಗೆ ಎಳೆಯಬೇಡ ಹುಡುಗಾ,
ಎಲ್ಬೆಯ ಗಾಳಿಗೆ ಅದರ ಮಡಿಕೆಗಳು ಒಣಗಿವೆ.
ಮೊದಲು ಗುಂಡಿ ಒತ್ತು. ಹಾಂ.
ಮುಂಬಾಗಿಲು ಬಿದ್ದು ತಾನೇ ನೆಲವಾಗುತ್ತದೆ,
ನೆಲದ ಮೇಲೆ ಎರಡು ಹಳಿ.
ಈಗ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಹೊರಗೆ,
ತೊಟ್ಟಿಲಿಂದ ಕೂಸನ್ನು ಎತ್ತಿದ ಹಾಗೆ.
ಕಟಕ್ಕೆಂದಿತೇ? ಆ ಸದ್ದಿಗೆ ನಮ್ಮ ಮನೆಯಲ್ಲಿ
ಎಲ್ಲರೂ ಉಸಿರು ಹಿಡಿಯುತ್ತಿದ್ದರು.

ಅಪ್ಪ, ವೆಂಡೆಲಿನ್ ಕ್ರೆಚ್ಮರ್. ಪೀಶೆನ್ನಿನಲ್ಲಿ
ಬೇಕರಿಯ ಮೇಲಿನ ಅಟ್ಟವೇ ಅವನ ಸ್ಟುಡಿಯೋ;
ಮದುಮಕ್ಕಳ ಬಟ್ಟೆಗೆಲ್ಲ ರೊಟ್ಟಿಯ ವಾಸನೆ.
ಕ್ಯಾಮೆರಾ ಡ್ರೆಸ್ಡೆನ್ನಿನಲ್ಲೇ ಹುಟ್ಟಿದ್ದು,
ಟ್ರಾಮಿನಲ್ಲಿ ನಾಲ್ಕು ನಿಲ್ದಾಣ ಆಚೆ.

ಪೆಟ್ಟಿಗೆಯಲ್ಲಿ ಮೂರು ಗುಳಿ, ಹಸಿರು ಮಖಮಲ್ಲು.
ಲೆನ್ಸು ಒಂದೇ. ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಉದ್ದದ್ದು ಮುಖಗಳಿಗೆ. ದೂರ ನಿಂತು
ಮೂಗನ್ನು ಉಬ್ಬಿಸದೆ, ಮರ್ಯಾದೆಯಿಂದ ನೋಡುವಂಥದು.
ನಲವತ್ತಾರರ ಚಳಿಯಲ್ಲಿ ಅದು
ಒಂದು ಮೂಟೆ ಆಲೂಗಡ್ಡೆಯಾಯಿತು, ಅರ್ಧ ಕೊಳೆತದ್ದು.
ಕೊಳೆತದ್ದನ್ನೂ ಅಮ್ಮ ಬೇಯಿಸಿದಳು.
ಉಣ್ಣುತ್ತ ಅಪ್ಪ ಒಮ್ಮೆ ಅಂದ:
"ಇಪ್ಪತ್ತೊಂದು ಸೆಂಟಿಮೀಟರು."
ಆ ಲೆನ್ಸಿನ ಸಂಗಮದೂರ ಅದು. ಬೇರೇನೂ ಅನ್ನಲಿಲ್ಲ.

ಅಗಲದ್ದು ಇಕ್ಕಟ್ಟಿನ ಕೋಣೆಗಳಿಗೆ.
ಹನ್ನೆರಡು ಜನ, ಒಂದು ಮೇಜು, ಹುರಿದ ಬಾತು,
ಎಲ್ಲ ಒಂದೇ ಗಾಜಿನಲ್ಲಿ.
ಐವತ್ತಮೂರರಲ್ಲಿ ಅತ್ತೆ ಆಡೆಲ್‌ಗುಂಡೆ
ಅದನ್ನು ಉಣ್ಣೆಯ ಉಂಡೆಯೊಳಗೆ ಸುತ್ತಿಕೊಂಡು
ಬರ್ಲಿನ್ ದಾಟಿ ಪಶ್ಚಿಮಕ್ಕೆ ಹೋದಳು;
ಅಲ್ಲಿ ಮಾರಿ ಹಣ ಕಳಿಸುವುದೆಂದು ಮಾತು.
ಕ್ರಿಸ್ಮಸ್ಸಿಗೆ ಕ್ರಿಸ್ಮಸ್ಸಿಗೆ ಕಾಫಿ ಬಂತು, ಕಿತ್ತಳೆ ಬಂತು,
ನನಗೊಂದು ಜೊತೆ ನೈಲಾನ್ ಕಾಲುಚೀಲ.
ಹಣ ಬರಲಿಲ್ಲ, ಲೆನ್ಸೂ ಬರಲಿಲ್ಲ.
ಆಮೇಲೆ ಹುಟ್ಟುಹಬ್ಬಗಳಲ್ಲಿ ಅಪ್ಪ
ಹಿಂದೆ ಹಿಂದೆ ಸರಿದು, ಬಾಗಿಲು ದಾಟಿ,
ಮೆಟ್ಟಿಲ ಮೇಲೆ ಹೋಗಿ ನಿಲ್ಲುತ್ತಿದ್ದ.
ನಮ್ಮ ಆಲ್ಬಮ್ಮಿನ ಪುಟಪುಟದಲ್ಲೂ ಬಾಗಿಲ ಚೌಕಟ್ಟು,
ಅದರಾಚೆ ನಾವು, ಪಕ್ಕದ ಮನೆಯವರ ಹಾಗೆ.

ಉಳಿದದ್ದು ನಡುವಿನದು, ಯಾರೂ ಕೇಳದೆ ಉಳಿದದ್ದು.
ತಿರುಗಿಸು, ಕಾಲು ಸುತ್ತು. ಬಿಟ್ಟಿತು.
ಮತ್ತೆ ಇಡು. ಹಿಡಿಯಿತು.
ತೊಂಬತ್ತು ವರ್ಷವಾದರೂ ಹಲ್ಲಿಗೆ ಹಲ್ಲು ಕೂರುತ್ತದೆ.
ನನ್ನವು ಕೂರುವುದಿಲ್ಲ.

ಈಗ ಕರಿಬಟ್ಟೆ ಹೊದ್ದುಕೋ. ಕಣ್ಣು ಪಳಗಲಿ.
ಸೇತುವೆಯ ಕಮಾನು ಬೋಗುಣಿಯಾಗಿದೆ, ಅಲ್ಲವೇ?
ಪಿಂಗಾಣಿ ಮಾರುವ ಝೀಗ್ಲಿಂಡೆ
ಮೇಲಿನ ನೆಲಕ್ಕೆ ಬಾವಲಿಯಂತೆ ಜೋತುಬಿದ್ದು
ಸಿಗರೇಟು ಸೇದುತ್ತಾಳೆ; ಹೊಗೆ ಕೆಳಕ್ಕೆ ಇಳಿಯುತ್ತದೆ.
ಎಡಗಡೆ, ಮೇಲಿನ ಮೂಲೆ ನೋಡು.
ಕೊಳೆಯಲ್ಲ, ಒರೆಸಬೇಡ.
ಕಿವಿ ಅದು.

ಬಾಂಬಿನ ರಾತ್ರಿ ಮೊದಲ ಮಬ್ಬುಗಾಜು ಒಡೆಯಿತು.
ಊರಲ್ಲಿ ಗಾಜೆಂಬುದೇ ಉಳಿದಿರಲಿಲ್ಲ.
ಅಪ್ಪ ತನ್ನ ನೆಗೆಟಿವ್ ಫಲಕಗಳನ್ನು
ಬಿಸಿ ಸೋಡಾನೀರಲ್ಲಿ ನೆನೆಸಿ, ಕೆರೆದು,
ಬೇಕರಿಯ ಕಿಟಕಿಗೆ ಜೋಡಿಸಿದ.
ಸಿಪಾಯಿಗಳು, ಮದುವಣಗಿತ್ತಿಯರು,
ಬಿಳಿ ಕಾಲರಿನ ಶಾಲೆಮಕ್ಕಳು
ಕಂದು ಸಾರಾಗಿ ಬಚ್ಚಲಿಗೆ ಹರಿದರು.
ಒಂದನ್ನು ನಯಮರಳಲ್ಲಿ ಉಜ್ಜಿ ಉಜ್ಜಿ
ಮಂಜು ಮಾಡಿ ಇಲ್ಲಿ ಕೂರಿಸಿದ.
ತಗಡಿನ ಅಂಚಿಗೆ ಅವನ ಕೈ ಆಡಲಿಲ್ಲ;
ಕಪ್ಪು ಕಿವಿ, ಅದಕ್ಕಿಂತ ಕಪ್ಪು ಓಲೆ,
ಸುತ್ತ ಗಾಜಿನಷ್ಟೇ ತಿಳಿಯಾದ ಕೂದಲು.
ಯಾರದೆಂದು ಹೇಳಲಿಲ್ಲ. ಮರೆತನೋ ಏನೋ.
ಅಮ್ಮನದಲ್ಲ, ಅವಳು ಕಿವಿ ಚುಚ್ಚಿಸಿಕೊಂಡಿರಲಿಲ್ಲ.

ಆಮೇಲಿನ ಮೂವತ್ತು ವರ್ಷ ಅವನು ನೋಡಿದ್ದೆಲ್ಲ
ಆ ಕಿವಿಯ ಪಕ್ಕದಲ್ಲೇ.
ಚಿತ್ರದಲ್ಲಿ ಅದು ಬೀಳುವುದಿಲ್ಲ.
ಬಟ್ಟೆಯೊಳಗಿರುವವನಿಗೆ ಮಾತ್ರ.

ಎಂಬತ್ತೈದು ಯೂರೋ. ಲೆನ್ಸು ಒಂದೇ ಅಂತ ಎಪ್ಪತ್ತು.
ಖಾಲಿ ಗುಳಿಗಳಿಗೆ ದುಡ್ಡು ಬೇಡ.
ಏನಂದೆ? ಹೊಸ ಗಾಜು ಹಾಕಿಸುತ್ತೀಯಾ?
ಹಾಗಾದರೆ ನಾನೂರು.

ಮಡಚು. ಮೊದಲು ಲೆನ್ಸನ್ನು ಒಳಕ್ಕೆ ಸರಿಸು,
ಇಲ್ಲದಿದ್ದರೆ ಬಾಗಿಲು ಹಾಕಿಕೊಳ್ಳುವುದಿಲ್ಲ.
ಹಾಗಲ್ಲ.
ಕೊಡು ಇಲ್ಲಿ, ನಾನೇ ಮಡಚುತ್ತೇನೆ.